ಬಾಯವ್ವ ಕಡ ತಂದ ತಿಪ್ಪೆ

ತಾಯಿಯನ್ನು ನೋಡಿ ಮಗಳನ್ನು ತಗೋ ಎಂದು ಲೋಕ ಹೇಳುತ್ತದೆ. ಬೈಲಹೊಂಗಲದ ಬಾಯವ್ವ ಮಗನಿಗೆ ಕನ್ಯೆ ನೋಡಲು ಹೋದಲ್ಲಿ ತಾಯಿಯ ಕಡೆಗೂ ಕಣ್ಣು ಹಾಯಿಸುತ್ತಿರಲಿಲ್ಲ, ಮಗಳ ಕಡೆಗೂ ಹಾಯಿಸುತ್ತಿರಲಿಲ್ಲ. ಒಳಗೆ ಚಾಕ್ಕೆ ನೀರಿಡುವ ಸಪ್ಪಳ ಕೇಳಿದ್ದೇ ತಡ, ಕಾಲು ತೊಳೆಯುವ ನೆವ ಹೇಳಿ ಎದ್ದು ನೆಟ್ಟಗೆ ಹಿತ್ತಲಿಗೆ ನಡೆಯುತ್ತಿದ್ದಳು. ಅಲ್ಲಿ ಆ ಮನೆಯ ತಿಪ್ಪೆಯ ಮುಂದೆ ನಿಂತು, ಕಾಲ ತುದಿಯಿಂದ ಒಂದಿಷ್ಟು ಕೆದರಿ ನೋಡಿ, ಒಳಗೆ ಬಂದು ಚಾ ಕುಡಿದು, "ತಿಳಸತೇವ್ರಿ" ಎಂದು ಹೇಳಿ ಬಸ್ ಹಿಡಿಯುತ್ತಿದ್ದಳು. ಒಂದು ಮನೆತನ ಎಂಥದ್ದೆಂದು ತಿಳಿಯಬೇಕಾದರೆ ಅವರು ಏನು ಉಣ್ಣುತ್ತಾರೆ, ಏನು ಉಡುತ್ತಾರೆ ಎಂದು ನೋಡಿ ಉಪಯೋಗವಿಲ್ಲ, ಏನು ಚೆಲ್ಲುತ್ತಾರೆ ಎಂದು ನೋಡಬೇಕು ಎಂಬುದು ಆಕೆಯ ಶಾಸ್ತ್ರ. ಇಂಥ ಶಾಸ್ತ್ರ ಕಟ್ಟಿಕೊಂಡ ತಾಯಂದಿರ ಮಕ್ಕಳಿಗೆ ಏನಾಗಬೇಕೋ ಅದೇ ವಿರೂಪಾಕ್ಷನಿಗೂ ಆಯಿತು. ವಯಸ್ಸು ಮೂವತ್ತು ದಾಟಿತು, ಮುಂದಲೆಯ ಕೂದಲು ಹಿಂದೆ ಸರಿಯತೊಡಗಿತು. ಮದುವೆಯ ಮಾತು ಮಾತ್ರ ಪ್ರತಿ ಸಲವೂ ಯಾರದೋ ತಿಪ್ಪೆಯ ಹತ್ತಿರ ಹೋಗಿ ನಿಂತುಬಿಡುತ್ತಿತ್ತು.

ಬಾಯವ್ವ ಇದನ್ನೆಲ್ಲ ಹೇಳುವುದಕ್ಕೆ ಅರ್ಹಳೋ ಎಂದು ಕೇಳಿದರೆ, ಹೌದು, ಅರ್ಹಳೇ. ಆಕೆಯ ಮನೆಯಿಂದ ಕಸ ಹೊರಗೆ ಹೋಗುವುದೆಂದರೆ ಮಗಳನ್ನು ಗಂಡನ ಮನೆಗೆ ಕಳಿಸಿದಷ್ಟು ಕಷ್ಟ. ಗಂಡ ಮಲಕಾಜಪ್ಪನ ಧೋತರ ಹರಿದರೆ ಮೈ ಒರೆಸುವ ಪಂಜೆಯಾಗುತ್ತಿತ್ತು. ಪಂಜೆ ಸವೆದರೆ ಬಿಸಿ ಪಾತ್ರೆ ಇಳಿಸುವ ಅರಿವೆ, ಅದೂ ಹೋದರೆ ದೇವರ ಮುಂದಿನ ಬತ್ತಿ. ಹಳೆ ಸೀರೆಗಳು ಪದರ ಕೂಡಿಸಿ ಟಾಕಿ ಹಾಕಿ ಹೊಲಿಯುವ ಕೌದಿಗೆ. ಕೌದಿ ಹಳೆಯದಾದರೆ ಎಮ್ಮೆಯ ಬೆನ್ನಿಗೆ. ಕಾಯಿಪಲ್ಲೆಯ ಸಿಪ್ಪೆ, ಮುಸುರೆ ನೀರು ಎಮ್ಮೆಯ ಹೊಟ್ಟೆಗೆ, ಎಮ್ಮೆಯ ಸಗಣಿ ಕುಳ್ಳಿಗೆ, ಕುಳ್ಳಿನ ಬೂದಿ ಪಾತ್ರೆ ತಿಕ್ಕಲಿಕ್ಕೆ, ಪಾತ್ರೆ ತೊಳೆದ ನೀರು ಬಳ್ಳಿಗೆ. ರದ್ದಿ ಕೊಳ್ಳುವವನು ಸೈಕಲ್ ಮೇಲೆ ಕೂಗುತ್ತ ಆ ಓಣಿಗೆ ಬಂದರೆ ಈ ಮನೆಯ ಮುಂದೆ ಬಾಯಿ ಮುಚ್ಚಿಕೊಂಡು ಜೋರಾಗಿ ತುಳಿಯುತ್ತಿದ್ದ. ಒಮ್ಮೆ ನಿಲ್ಲಿಸಿದ್ದಕ್ಕೆ ಬಾಯವ್ವ ಅವನಿಗೆ ಒಂದು ಹಾಳೆಯನ್ನೂ ಕೊಡದೆ, ಅವನ ಗಂಟಿಗೆ ಕಟ್ಟಿದ್ದ ಸುತಳಿಯನ್ನೇ ಬಿಚ್ಚಿಸಿಕೊಂಡು ಕಳಿಸಿದ್ದಳು.

"ನಾ ಸತ್ತ ಮ್ಯಾಲೆ ನನ್ನನ್ನೂ ಈಕಿ ಯಾವದಕ್ಕರ ಉಪಯೋಗ ಮಾಡ್ತಾಳ" ಎಂದು ಮಲಕಾಜಪ್ಪ ಕಟ್ಟೆಯ ಮೇಲೆ ಕುಳಿತು ಹೇಳುತ್ತಿದ್ದ. ಅವನು ಹೆಚ್ಚು ಮಾತಿನವನಲ್ಲ. ಇದ್ದ ಮಾತನ್ನೂ ಹೆಂಡತಿ ಜೋಪಾನವಾಗಿ ಬಳಸಲು ಕಲಿಸಿದ್ದಳು.

ಹೀಗಾಗಿ ಬಾಯವ್ವನ ಮನೆಯಲ್ಲಿ ತಿಪ್ಪೆಗೆಂದು ಉಳಿಯುತ್ತಿದ್ದದ್ದು ಏನೂ ಇಲ್ಲ. ಬಚ್ಚಲ ಹಿಂದೆ ಒಂದು ಬುಟ್ಟಿ ಹಿಡಿಯುವಷ್ಟು ತಗ್ಗು ಇತ್ತು, ಅದರ ಮೇಲೆ ಹರಿದ ಮೊರವೊಂದನ್ನು ಮುಚ್ಚಿರುತ್ತಿದ್ದಳು. ಆಕೆಗೆ ಒಳಗೊಳಗೆ ಇದರ ಬಗ್ಗೆ ಹೆಮ್ಮೆ. ಆದರೆ ಹೊರಗೆ ಹೇಳಿಕೊಳ್ಳುವಂತಿರಲಿಲ್ಲ, ಏಕೆಂದರೆ ಬೈಲಹೊಂಗಲದ ಕರಿಮಣ್ಣಿನ ಒಕ್ಕಲಿಗರ ಲೆಕ್ಕಾಚಾರವೇ ಬೇರೆ. ಅಲ್ಲಿ ಗಂಡಸಿನ ಮೀಸೆ ಮುಖದ ಮೇಲಿರುವುದಿಲ್ಲ, ಹಿತ್ತಲಲ್ಲಿರುತ್ತದೆ. ತಿಪ್ಪೆ ಎತ್ತರವಾಗಿದ್ದರೆ ದನ ಬಹಳ, ದನ ಬಹಳಿದ್ದರೆ ಹೊಲ ಬಹಳ, ಹೊಲ ಬಹಳಿದ್ದರೆ ಸಂಬಂಧ ಗಟ್ಟಿ. ಬಾಯವ್ವನ ಬೇಲಿಯ ಆಚೆಗಿದ್ದ ಶಟ್ಟೆಪ್ಪನ ತಿಪ್ಪೆ ಅಂಥದ್ದು. ನಾಲ್ಕು ಎಮ್ಮೆಗಳ ಸಗಣಿ, ಮೇವಿನ ಗೋದಲಿಯ ಕಡ್ಡಿ, ಮನೆಯ ಕಸ ಎಲ್ಲ ಸೇರಿ ಅದು ಸಣ್ಣ ಗುಡ್ಡವಾಗಿತ್ತು. ಶಟ್ಟೆಪ್ಪ ದಿನಾ ಮುಂಜಾನೆ ಸಲಿಕೆ ಹಿಡಿದು ಅದರ ಬದಿಗಳನ್ನು ತಟ್ಟಿ ಸರಿಮಾಡುತ್ತಿದ್ದ, ಬೇರೆಯವರ ಕೈ ತಾಗಿಸಲು ಬಿಡುತ್ತಿರಲಿಲ್ಲ. ಹೆಂಡತಿ ಸೋಮವ್ವ ಬುಟ್ಟಿ ಗೊಬ್ಬರ ಬಳ್ಳಿಗೆ ಬೇಕೆಂದು ಕೇಳಿದರೂ ತಾನೇ ತೆಗೆದುಕೊಡುತ್ತಿದ್ದ.

ಇನ್ನು ಬಾಯವ್ವ ಕನ್ಯೆ ನೋಡಿದ ಕಥೆ. ತೊಂಬತ್ತೇಳರ ಬೇಸಿಗೆಯಲ್ಲಿ ಕಿತ್ತೂರಿನ ಸಂಬಂಧ ಬಂತು. ಹೆದ್ದಾರಿಗೆ ಹತ್ತಿದ ಮನೆ, ಮುಂದೆ ಚಾದ ಅಂಗಡಿ. ಹಿತ್ತಲಿಗೆ ಹೋದ ಬಾಯವ್ವ ದಂಗಾದಳು. ತಿಪ್ಪೆಯಿಲ್ಲ, ಕಸದ ಬುಟ್ಟಿಯಿಲ್ಲ, ಬಿದ್ದ ಒಂದು ಕಡ್ಡಿಯಿಲ್ಲ. ತನ್ನನ್ನೂ ಮೀರಿಸಿದ ಮನೆ ಸಿಕ್ಕಿತಲ್ಲ ಎಂದು ಆಕೆಯ ಕಣ್ಣು ತುಂಬಿದವು. ಒಳಗೆ ಬಂದು ಹುಡುಗಿಯ ಮುಖವನ್ನು ಕೂಡ ನೋಡಿದಳು. ಹಾಗೆ ನೋಡಿದ್ದು ಅದೇ ಮೊದಲು. ಇನ್ನೇನು ಹೂಂ ಅನ್ನಬೇಕು, ಅಷ್ಟರಲ್ಲಿ ಹುಡುಗಿಯ ತಾಯಿ ಒಂದು ಗೋಣಿಚೀಲದ ಗಂಟು ಹೊತ್ತುಕೊಂಡು ಹೊರಗೆ ಹೋಗಿ, ಚಾಕ್ಕೆಂದು ನಿಂತಿದ್ದ ಖಾಲಿ ಲಾರಿಯ ಹಿಂದೆ ಎಸೆದು ಕೈ ಝಾಡಿಸಿಕೊಂಡು ಬಂದಳು. ಲಾರಿ ಹೊರಟೇಹೋಯಿತು.

"ಅದೇನ್ರಿ ಕಳಿಸಿದ್ದು?" ಎಂದು ಬಾಯವ್ವ ಕೇಳಿದಳು.

"ಕಸ ರೀ. ಪುಣೆದ ಗಾಡಿ ಬಂದ್ರ ಪುಣೆಕ್ಕ, ಬೆಂಗಳೂರ ಗಾಡಿ ಬಂದ್ರ ಬೆಂಗಳೂರಿಗೆ. ರಸ್ತೆ ಮನಿ ಮುಂದ ಇದ್ದಮ್ಯಾಲೆ ನಾವ್ಯಾಕ ಇಟ್ಕೊಂಡು ಕುಂದ್ರಬೇಕ್ರಿ?"

ಬಾಯವ್ವ "ತಿಳಸತೇವ್ರಿ" ಎಂದು ಬಸ್ ಹಿಡಿದಳು. ಮನೆ ಮುಟ್ಟಿದ ಮೇಲೆ ಮಗನಿಗೆ ಹೇಳಿದಳು: "ಇವತ್ತ ಕಸ ಲಾರಿ ಹತ್ತಿಸ್ಯಾರ. ನಾಳೆ ನನ್ನ ಕೈಲೆ ಕೆಲಸ ಆಗದಂಗ ಆದಾಗ ನನ್ನನ್ನೂ ಹತ್ತಿಸಿದ್ರ ಏನ ಮಾಡ್ತಿ?"

ಆಮೇಲೆ ಸವದತ್ತಿ. ಅವರದು ತೆಂಗಿನಕಾಯಿ ಮತ್ತು ಕುಂಕುಮದ ಅಂಗಡಿ, ದೇವಿಯ ಗುಡ್ಡಕ್ಕೆ ಹೋಗುವ ಮಂದಿಯಿಂದ ನಡೆಯುವ ಬದುಕು. ಹಿತ್ತಲಲ್ಲಿ ತೆಂಗಿನ ಚಿಪ್ಪಿನದೊಂದು ರಾಶಿ, ನಾರಿನದೊಂದು ರಾಶಿ, ಡಬ್ಬಿಯ ತುಂಬ ಒಡೆದ ಹಸಿರು ಬಳೆಯ ಚೂರು. ಚಿಪ್ಪು ನೀರೊಲೆಗೆ, ನಾರು ಪಾತ್ರೆ ತಿಕ್ಕಲಿಕ್ಕೆ, ಬಳೆ ಚೂರು ಒಯ್ಯಲು ಜಾತ್ರೆ ಮುಗಿದ ಮೇಲೆ ಒಬ್ಬ ಬರುತ್ತಾನಂತೆ. ಬಾಯವ್ವನಿಗೆ ಮನಸ್ಸು ತುಂಬಿತು. ಕೆಟ್ಟದ್ದು ಹೊರಡುವಾಗ. ಉಡಿ ತುಂಬಿ ಒಂದು ಖಣ ಕೊಟ್ಟರು. ಉಡಿ ತುಂಬುವ ಖಣವನ್ನು ಈ ಕಡೆ ಯಾರೂ ಕುಪ್ಪಸ ಹೊಲಿಸುವುದಿಲ್ಲ, ಮಡಿಕೆ ಮುರಿಯದಂತೆ ಟ್ರಂಕಿನಲ್ಲಿಟ್ಟು ಇನ್ನೊಬ್ಬರ ಉಡಿಗೆ ಹಾಕುತ್ತಾರೆ ಎಂಬುದು ಎಲ್ಲ ಹೆಂಗಸರಿಗೂ ಗೊತ್ತಿದ್ದದ್ದೇ. ಆದರೆ ಈ ಖಣದ ಅಂಚಿನಲ್ಲಿ ಒಂದು ಎಣ್ಣೆಯ ಕಲೆ ಇತ್ತು. ಅದು ಬಾಯವ್ವನ ಮನೆಯ ದೇವರ ದೀಪದ ಎಣ್ಣೆ. ಆಕೆಯೇ ಹಿಂದೆ ಯಾವುದೋ ಸೀಮಂತದಲ್ಲಿ ಯಾರದೋ ಉಡಿಗೆ ಹಾಕಿದ ಖಣ ಅದು, ಊರೂರು ಸುತ್ತಿ, ಸವದತ್ತಿಯಲ್ಲಿ ಆಕೆಯನ್ನು ಹಿಡಿದಿತ್ತು.

"ಕೊಟ್ಟದ್ದು ತಿರುಗಿ ಬರೋ ಮನಿ ಅದು" ಎಂದಳು ಬಾಯವ್ವ. "ಹುಡುಗಿನೂ ಹಂಗ ತಿರುಗಿ ತವರಿಗೆ ಹ್ವಾದರ?"

"ಖಣಕ್ಕೂ ಕನ್ಯಾಕ್ಕೂ ಏನ ಸಂಬಂಧನವಾ?" ಎಂದು ವಿರೂಪಾಕ್ಷ ಕೇಳಿದ. ಬಾಯವ್ವ ಆಗಲೇ ಖಣವನ್ನು ಮಡಿಕೆ ಮುರಿಯದಂತೆ ಟ್ರಂಕಿನಲ್ಲಿಡುತ್ತಿದ್ದಳು. ಯರಗಟ್ಟಿಯ ಮಾತಂತೂ ಹೇಳುವಂತೆಯೇ ಇಲ್ಲ. ಅಲ್ಲಿ ಪೇಟೆಯ ವ್ಯಾಪಾರಸ್ಥರ ಮನೆ, ಹಿತ್ತಲ ತುಂಬ ಗುಟಕಾ ಚೀಟಿಯ ಸರಗಳು, ಬಣ್ಣ ಬಣ್ಣದ ಪ್ಲಾಸ್ಟಿಕ್ ಚೀಲಗಳು. ಕಟ್ಟಿದ ಎಮ್ಮೆ ಒಂದು ಚೀಲವನ್ನು ಎಲೆ ಅಡಿಕೆಯಂತೆ ಅಗಿಯುತ್ತ ನಿಂತಿತ್ತು. ತನ್ನನ್ನು ನೋಡಿ ಅದು ಕಣ್ಣೀರು ಹಾಕಿತು ಎಂದು ಬಾಯವ್ವ ಇಂದಿಗೂ ಆಣೆ ಮಾಡಿ ಹೇಳುತ್ತಾಳೆ.

ವಿರೂಪಾಕ್ಷ ಪೇಟೆಯ ದಲಾಲಿ ಅಂಗಡಿಯೊಂದರಲ್ಲಿ ಕೆಲಸಕ್ಕಿದ್ದ. ಹಮಾಲರು ಅವನನ್ನು ನೋಡಿದರೆ ಸಾಕು, "ಸಾಹೇಬ್ರ, ಯಾವೂರ ತಿಪ್ಪಿ ನೋಡಿ ಬಂದ್ರಿ?" ಎನ್ನುವರು. ಅವನು ಸಾಧು ಸ್ವಭಾವದವನು, ನಗುತ್ತಿದ್ದ. ಆದರೆ ಎರಡು ಸಾವಿರದ ಮೂರರಲ್ಲಿ ರಾಮದುರ್ಗದ ಸಂಬಂಧ ಬಂದಾಗ ಬಸ್‌ಸ್ಟ್ಯಾಂಡಿನಲ್ಲಿ ತಾಯಿಯ ಮುಂದೆ ನಿಂತು, ನಗದೆ ಹೇಳಿದ: "ಅವ್ವಾ, ಇದ ಕಡೀದು. ಅಲ್ಲಿ ನೀ ಹಿತ್ತಲ ಕಡೆ ಹೆಜ್ಜಿ ಇಟ್ಟಿ ಅಂದ್ರ ನಾ ಇನ್ನ ಯಾವ ಕನ್ಯಾನೂ ನೋಡೂದಿಲ್ಲ. ಮಠಾ ಸೇರತೇನಿ."

ಬಾಯವ್ವನಿಗೆ ಆ ಮಾತು ನಾಟಿತು. ಮಗ ಸುಳ್ಳು ಬೆದರಿಕೆ ಹಾಕುವವನಲ್ಲ. ಅವನ ತಲೆಯ ಕೂದಲನ್ನು ನೋಡಿದಳು, ಅಪ್ಪನದೇ ದಾರಿ ಹಿಡಿದಿತ್ತು. ತನ್ನ ಶಾಸ್ತ್ರದಿಂದ ಮಗನ ಬಾಳು ಬರಿದಾದೀತು ಎಂದು ಮೊದಲ ಬಾರಿ ಹೆದರಿಕೆಯಾಯಿತು. "ಆತಪಾ, ಕುಂತಲ್ಲೆ ಕುಂದರತೇನಿ" ಎಂದು ಮಾತು ಕೊಟ್ಟಳು.

ರಾಮದುರ್ಗದ ಸತ್ಯಪ್ಪನ ಮನೆ ನೇಕಾರರ ಓಣಿಯ ತುದಿಯಲ್ಲಿತ್ತು. ಇವರು ಒಕ್ಕಲುತನದವರು, ಜೊತೆಗೊಂದು ಕಿರಾಣಿ ಅಂಗಡಿ. ಓಣಿಯ ತುಂಬ ಮಗ್ಗದ ಸಪ್ಪಳ. ಬಾಯವ್ವ ಜಮಖಾನೆಯ ಮೇಲೆ ಕುಳಿತವಳು ಕುಳಿತೇ ಇದ್ದಳು, ಆದರೆ ಆಕೆಯ ಕುತ್ತಿಗೆ ಮಾತ್ರ ಹಿತ್ತಲ ಬಾಗಿಲ ಕಡೆಗೆ ತಿರುಗಿ ತಿರುಗಿ ಹೋಗುತ್ತಿತ್ತು. ಕನ್ಯೆ ನೀಲಗಂಗಾ ಚಾ ತಂದಳು. ಎರಡು ಮಾತು ಆಡಿರಿ ಎಂದು ಹಿರಿಯರು ಬಿಟ್ಟಾಗ ವಿರೂಪಾಕ್ಷನಿಗೆ ಬೇರೇನೂ ಹೊಳೆಯಲಿಲ್ಲ. "ನಮ್ಮವ್ವ ಯಾಕ ಹಿಂಗ ಚಡಪಡಸಾಕ ಹತ್ಯಾಳ ಗೊತ್ತೇನ್ರಿ?" ಎಂದು ಕೇಳಿದ.

"ಗೊತ್ತೈತ್ರಿ" ಎಂದಳು ಹುಡುಗಿ. "ಬೈಲಹೊಂಗಲದ ಅತ್ತಿ ತಿಪ್ಪಿ ನೋಡ್ತಾರ ಅನ್ನೂದು ಇಲ್ಲಿತನಕ ಬಂದೈತಿ." ಹಾಗೆಂದು ನಕ್ಕುಬಿಟ್ಟಳು. ವಿರೂಪಾಕ್ಷ ಅಲ್ಲಿಗೆ ಮುಗಿದ. ಇವಳನ್ನು ಬಿಟ್ಟರೆ ಮಠವೇ ಎಂದು ಅವನು ಆಗಲೇ ತೀರ್ಮಾನಿಸಿದ, ಅದು ಅವನ ಮುಖದ ಮೇಲೆ ಎಲ್ಲರಿಗೂ ಕಾಣುವಂತಿತ್ತು.

ಎಲ್ಲ ಸುಸೂತ್ರವಾಗಿ ಮುಗಿದು ಹೊರಡುವಾಗ, ಅಲ್ಲಿಯವರೆಗೆ ಗೋಡೆಗೊರಗಿ ಸುಮ್ಮನೆ ಕುಳಿತಿದ್ದ ಸತ್ಯಪ್ಪನ ತಾಯಿ ಸಾವಿತ್ರೆವ್ವ ಕೋಲು ಊರಿ ಎದ್ದಳು. ಒಣಗಿದ ಮೈ, ಚುರುಕು ಕಣ್ಣು. "ನೀವು ಹಿತ್ತಲ ನೋಡದ ಹೊಂಟ್ರಿ, ದೊಡ್ಡ ಮನಸು" ಎಂದಳು. "ಆದರ ನಾ ಅಷ್ಟ ದೊಡ್ಡಾಕಿ ಅಲ್ರಿ. ಬರೂ ಸ್ವಾಮಾರ ನಿಮ್ಮ ಮನಿ ನೋಡಾಕ ಬರತೇವಿ. ನಾ ಮೊದಲ ನಿಮ್ಮ ತಿಪ್ಪಿ ನೋಡಾಕಿ, ಆಮ್ಯಾಲೆ ಚಾ ಕುಡ್ಯಾಕಿ."

ಊರೂರ ತಿಪ್ಪೆ ಕೆದರಿದ ಬಾಯವ್ವನಿಗೆ, ತನ್ನ ತಿಪ್ಪೆಯನ್ನೂ ಯಾರಾದರೂ ನೋಡಲು ಬಂದಾರೆಂದು ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ.

ಮನೆಗೆ ಬಂದು ಮೊರ ಸರಿಸಿ ತನ್ನ ತಗ್ಗನ್ನು ನೋಡಿದಳು. ಒಂದು ಹಿಡಿ ಬೂದಿ, ಒಂದಿಷ್ಟು ಮಣ್ಣು. ಇಷ್ಟು ದಿನ ಹೆಮ್ಮೆಪಟ್ಟಿದ್ದ ಆ ತಗ್ಗು ಈಗ ಬಡತನದ ಗುರುತಿನಂತೆ ಕಂಡಿತು. ಬೈಲಹೊಂಗಲದವಳ ಬುದ್ಧಿ ಅದು, ಎಲ್ಲ ಊರಿನವರೂ ತಿಪ್ಪೆಯ ಎತ್ತರವನ್ನೇ ನೋಡುತ್ತಾರೆಂದು ಆಕೆ ನಂಬಿದ್ದಳು. "ಹೊಲಾ ಐತಿ ಅಂತೀರಿ, ತಿಪ್ಪಿ ಎಲ್ಲೈತಿ ಅಂದ್ರ ಏನ ಹೇಳ್ಲಿ?" ಎಂದು ಗಂಡನನ್ನು ಕೇಳಿದಳು. ಮಲಕಾಜಪ್ಪ ಬೇಲಿಯ ಆಚೆ ನೋಡಿದ. ನೋಡಿದ್ದು ಸುಮ್ಮನೆ, ಅವನು ಯಾವಾಗಲೂ ಆ ಕಡೆಗೇ ನೋಡುತ್ತಿದ್ದ. ಬಾಯವ್ವನಿಗೆ ಮಾತ್ರ ಅದರಲ್ಲಿ ದಾರಿ ಕಂಡಿತು.

ನೆರೆಹೊರೆಯಲ್ಲಿ ಸಕ್ಕರೆ ಕಡ ತರುತ್ತಾರೆ, ಚಾಪುಡಿ ಕಡ ತರುತ್ತಾರೆ. ಮದುವೆ ಮುಂಜಿಯಿದ್ದರೆ ಬಂಗಾರದ ಸರವನ್ನೂ ತರುವವರಿದ್ದಾರೆ. ಬಾಯವ್ವ ಶಟ್ಟೆಪ್ಪನ ಮನೆಗೆ ಹೋಗಿ ಅವನ ತಿಪ್ಪೆಯನ್ನು ಒಂದು ದಿನದ ಮಟ್ಟಿಗೆ ಕಡ ಕೇಳಿದಳು. ತಿಪ್ಪೆಯನ್ನು ಎತ್ತಿ ಇಡುವುದೇನೂ ಬೇಕಿರಲಿಲ್ಲ. ನಡುವಿದ್ದದ್ದು ಒಣ ಜಾಲಿಯ ಬೇಲಿ. ಅದನ್ನು ಎತ್ತಿ ಗುಡ್ಡದ ಆ ಬದಿಗೆ ಇಟ್ಟರೆ ಮುಗಿಯಿತು, ತಿಪ್ಪೆ ಬಾಯವ್ವನದು.

ಶಟ್ಟೆಪ್ಪನಿಗೆ ಮೊದಲು ನಗು ಬಂತು, ಆಮೇಲೆ ಅಭಿಮಾನ ಬಂತು. "ರಾಮದುರ್ಗದಿಂದ ನನ್ನ ತಿಪ್ಪಿ ನೋಡಾಕ ಬರತಾರ ಅಂದ್ರ ಬ್ಯಾಡ ಅನ್ನಾಕ ಆಗೂದಿಲ್ಲವಾ" ಎಂದ. "ಆದರ ಒಂದ ಶರತ್ತ. ನೋಡಬೇಕು, ಮುಟ್ಟಬಾರದು. ಯಾರೂ ಕೆದರಬಾರದು. ನಾ ಕಟ್ಟಿ ಮ್ಯಾಲೆ ಕುಂತಿರ್ತೇನಿ."

ಸೋಮವಾರ ಮುಂಜಾನೆ ಮಲಕಾಜಪ್ಪ ಬೇಲಿ ಸರಿಸಿದ. ಶಟ್ಟೆಪ್ಪ ಗುಡ್ಡದ ಬದಿಗಳನ್ನು ಇನ್ನೊಮ್ಮೆ ತಟ್ಟಿ, ಮೇಲೊಂದಿಷ್ಟು ಹೊಸ ಸಗಣಿ ಸಾರಿಸಿದ. ನಮ್ಮಲ್ಲಿ ತಪ್ಪು ಮುಚ್ಚುವವರಿಗೆ ತಿಪ್ಪೆ ಸಾರಿಸಬೇಡ ಎನ್ನುತ್ತಾರೆ, ಆ ಮಾತನ್ನು ಕೈಯಾರೆ ಮಾಡಿ ತೋರಿಸಿದ ಇಬ್ಬರು ನನಗೆ ಗೊತ್ತಿರುವಂತೆ ಇವರೇ.

ಮಧ್ಯಾಹ್ನಕ್ಕೆ ಸತ್ಯಪ್ಪ, ಸಾವಿತ್ರೆವ್ವ ಮತ್ತು ನಾಲ್ಕು ಮಂದಿ ಬಂದಿಳಿದರು. ಗಂಡಸರು ಪಡಸಾಲೆಯಲ್ಲಿ ಕುಳಿತರು. ಸಾವಿತ್ರೆವ್ವ ಹೇಳಿದ ಹಾಗೆಯೇ ಚಾದ ಕಡೆ ನೋಡದೆ ಕೋಲು ಊರುತ್ತ ಹಿತ್ತಲಿಗೆ ನಡೆದಳು. ಹಿಂದೆ ಬಾಯವ್ವ, ಆಕೆಯ ಹಿಂದೆ ವಿರೂಪಾಕ್ಷ. ಮುದುಕಿ ಗುಡ್ಡದ ಮುಂದೆ ನಿಂತು ತಲೆಯೆತ್ತಿ ನೋಡಿದಳು. ಆಕೆಯ ಮುಖ ಸಪ್ಪಗಾಯಿತು.

"ಎಟ್ಟ ದೊಡ್ಡದೈತ್ರಿ" ಎಂದಳು.

"ಎಲ್ಲಾ ನಿಮ್ಮ ಆಶೀರ್ವಾದ" ಎಂದಳು ಬಾಯವ್ವ ಸಂಕೋಚದಿಂದ.

"ಬಾಯವ್ವಾರ, ನಮ್ಮ ಕಡೆ ತಿಪ್ಪಿ ದೊಡ್ಡದಾತು ಅಂದ್ರ ಆ ಮನಿ ಹೆಂಗಸರ ಕೈ ಸಡ್ಲ ಅಂತಾರ್ರಿ. ನಮ್ಮ ಓಣ್ಯಾಗ ಮಗ್ಗದ ಮುರಕ ನೂಲೂ ಹೊರಗ ಬೀಳೂದಿಲ್ಲ. ತಲಿದಿಂಬಿಗೆ ತುಂಬತೇವಿ, ಬತ್ತಿ ಹೊಸೀತೇವಿ. ನಿಮ್ಮ ಬಗ್ಗೆ ಕೇಳಿದ್ದ ಬ್ಯಾರೆ ಇತ್ತು" ಎಂದ ಮುದುಕಿ ಕೋಲನ್ನು ತಿಪ್ಪೆಯೊಳಗೆ ಚುಚ್ಚಿದಳು.

ಕಟ್ಟೆಯ ಮೇಲಿದ್ದ ಶಟ್ಟೆಪ್ಪ ಚಂಗನೆ ಎದ್ದ. "ಕೆದರಬ್ಯಾಡ್ರೀ, ಹಾವ ಅದಾವ" ಎಂದ.

"ಹಾವ ಇದ್ರ ಅದೂ ಬರ್ಲಿ" ಎಂದು ಸಾವಿತ್ರೆವ್ವ ಕೋಲು ಎಳೆದಳು. ತುದಿಗೆ ಒಂದು ಹಾಲಿನ ಪಾಕೀಟು ಸಿಕ್ಕಿಕೊಂಡು ಬಂತು. ಮತ್ತೆ ಎಳೆದಳು, ಮತ್ತೊಂದು. ಶಟ್ಟೆಪ್ಪ ನಾಲ್ಕೂ ಎಮ್ಮೆಯ ಹಾಲನ್ನು ಹೋಟೆಲಿಗೆ ಹಾಕಿ, ಮನೆಯ ಚಾಕ್ಕೆ ಅಂಗಡಿಯ ಪಾಕೀಟು ತರುತ್ತಿದ್ದ. ಅದು ಬಾಯವ್ವನಿಗೆ ಹೇಗೆ ಗೊತ್ತಿರಬೇಕು? "ಮನ್ಯಾಗ ಎಮ್ಮಿ ಐತಿ, ಪಾಕೀಟ ಯಾಕ ಬೇಕಾತ್ರಿ?" ಎಂದು ಮುದುಕಿ ಕೇಳಿದಾಗ, "ಎಮ್ಮಿ ಬತ್ತಿತ್ರಿ" ಎಂದು ಬಾಯಿಗೆ ಬಂದದ್ದು ಹೇಳಿದಳು. ಅಷ್ಟರಲ್ಲಿ ಕೊಟ್ಟಿಗೆಯಿಂದ ಅವಳದೇ ಎಮ್ಮೆ, ಕರುವಿಗೆ ಕುಡಿಸುವ ಹೊತ್ತಾಯಿತೆಂದು ಜೋರಾಗಿ ಕೂಗಿತು.

ಸಾವಿತ್ರೆವ್ವ ಕೋಲನ್ನು ಇನ್ನಷ್ಟು ಆಳಕ್ಕೆ ಇಳಿಸಿದಳು. ಈ ಸಲ ಹೊರಬಂದದ್ದು ಬೆಳ್ಳಗಿತ್ತು. ಒಂದಲ್ಲ, ಒಂದು ಹಿಡಿಯಷ್ಟು. ಕೋಳಿ ತತ್ತಿಯ ಸಿಪ್ಪೆ.

ಕೊರಳಲ್ಲಿ ಲಿಂಗ ಕಟ್ಟಿದ ಮನೆಯ ಹಿತ್ತಲಲ್ಲಿ ತತ್ತಿಯ ಸಿಪ್ಪೆ ಎಂದರೆ ಏನರ್ಥವೆಂದು ವಿವರಿಸಬೇಕಾಗಿಲ್ಲ. ಹಿಂದಿನ ಬಾಗಿಲಲ್ಲಿ ಬಂದು ನಿಂತಿದ್ದ ಸತ್ಯಪ್ಪ ಕೈಯಲ್ಲಿದ್ದ ಚಾದ ಬಸಿಯನ್ನು ಮೆಲ್ಲಗೆ ಕೆಳಗಿಟ್ಟ. ಬಾಯವ್ವ ಮಗನ ಮುಖ ನೋಡಿದಳು. ತಿಪ್ಪೆ ತನ್ನದೆಂದರೆ ತತ್ತಿಯೂ ತನ್ನದು, ಸಂಬಂಧ ಇಲ್ಲಿಗೇ ಮುಗಿಯಿತು. ತನ್ನದಲ್ಲವೆಂದರೆ ತಾನು ಸುಳ್ಳಿ, ನಾಲ್ಕು ಊರಲ್ಲಿ ಮುಖ ತೋರಿಸುವಂತಿಲ್ಲ. ಆಕೆ ಬಹಳ ಹೊತ್ತು ಯೋಚಿಸಲಿಲ್ಲ. ಮುಖ ಹೋದರೆ ತನ್ನದು ಹೋಗುತ್ತದೆ, ಮಗನದು ಉಳಿಯಲಿ.

"ಯವ್ವಾರ, ಈ ತಿಪ್ಪಿ ನಂದಲ್ರಿ" ಎಂದಳು. "ಶಟ್ಟೆಪ್ಪಣ್ಣಂದು. ನಮ್ಮಲ್ಲಿ ಇಷ್ಟ ದೊಡ್ಡದ ಇಲ್ಲಂತ ನಾಚಿಕಿ ಆಗಿ ಕಡ ತಂದೇನಿ. ನನ್ನ ಮಗಗ ಇದ್ಯಾವದೂ ಗೊತ್ತಿಲ್ಲ, ಅವ ಮುಂಜಾನೆ ಅಂಗಡ್ಯಾಗಿದ್ದ."

ಎಲ್ಲರೂ ಶಟ್ಟೆಪ್ಪನ ಕಡೆ ತಿರುಗಿದರು. ಶಟ್ಟೆಪ್ಪ ಮಾತ್ರ ತನ್ನ ಮನೆಯ ಬಾಗಿಲ ಕಡೆ ತಿರುಗಿದ್ದ. ಅಲ್ಲಿ ಸೋಮವ್ವ ನಿಂತಿದ್ದಳು. ಸೋಮವಾರಕ್ಕೆ ಉಳ್ಳಾಗಡ್ಡಿಯನ್ನೂ ಮುಟ್ಟದ ಹೆಂಗಸು. ಬೆಳಗಾವಿಯ ಡಾಕ್ಟರೊಬ್ಬರು ಶಟ್ಟೆಪ್ಪನಿಗೆ ನಿಶ್ಶಕ್ತಿಗೆಂದು ತತ್ತಿ ತಿನ್ನಲು ಹೇಳಿದ್ದರು, ಅವನು ಹೆಂಡತಿಗೆ ಕಾಣದಂತೆ ಹಿತ್ತಲಲ್ಲಿ ತಿಂದು, ಸಿಪ್ಪೆಯನ್ನು ಸಲಿಕೆಯಿಂದ ಮುಚ್ಚುತ್ತ ಬಂದಿದ್ದ. ಆ ಗುಡ್ಡವನ್ನು ಅವನು ಅಷ್ಟು ಕಾಯುತ್ತಿದ್ದದ್ದು ಗೊಬ್ಬರಕ್ಕಾಗಿ ಎಂದು ಊರೆಲ್ಲ ತಿಳಿದಿತ್ತು.

"ನಂದಲ್ಲ" ಎಂದ ಶಟ್ಟೆಪ್ಪ.

"ಏನಪಾ ನಿಂದಲ್ಲ?" ಎಂದಳು ಬಾಯವ್ವ.

"ಈ ತಿಪ್ಪಿ ನಂದಲ್ಲ. ಬೇಲಿ ನೋಡ್ರಿ ಎಲ್ಲೈತಿ. ಬೇಲಿ ಆ ಕಡೆ ಇರೂದೆಲ್ಲ ಬಾಯವ್ವಂದು."

"ಬೇಲಿ ನಾನ ಸರಿಸೇನಿ" ಎಂದ, ಸತ್ಯಪ್ಪನ ಬೆನ್ನಿಗೇ ಬಂದು ನಿಂತಿದ್ದ ಮಲಕಾಜಪ್ಪ. ಆ ದಿನ ಅವನು ಆಡಿದ ಮೊದಲ ಮಾತು ಅದು. "ನಾಕ ಮಂದಿ ಮುಂದ ಇನ್ನೊಮ್ಮೆ ಹೇಳು ಶಟ್ಟೆಪ್ಪ. ತಿಪ್ಪಿ ಯಾರದು?"

"ನಿಮ್ಮದು" ಎಂದ ಶಟ್ಟೆಪ್ಪ, ಹೆಂಡತಿಯ ಮುಖ ನೋಡುತ್ತ. ಜೀವಮಾನದ ದುಡಿಮೆಯನ್ನು ಒಂದೇ ಮಾತಿಗೆ ದಾನ ಮಾಡಿ ಒಳಗೆ ಹೋದ. ಹಿಂದೆಯೇ ಸೋಮವ್ವ ಹೋದಳು, ಬಾಗಿಲು ಮುಚ್ಚಿಕೊಂಡಿತು.

ಸಾವಿತ್ರೆವ್ವ ಕೋಲಿನ ಮೇಲೆ ಗದ್ದ ಇಟ್ಟು ನಿಂತಿದ್ದಳು. "ಎಪ್ಪತ್ತ ವರ್ಷದಾಗ ತಿಪ್ಪಿ ಕಡ ತಂದಾಕಿನ ಇವತ್ತ ನೋಡಿದ್ನಿ" ಎಂದಳು. "ಬಾ, ನಿನ್ನ ಖರೇ ತಿಪ್ಪಿ ತೋರ್ಸು."

ಬಾಯವ್ವ ತಲೆ ತಗ್ಗಿಸಿಕೊಂಡು ಬಚ್ಚಲ ಹಿಂದೆ ಕರೆದೊಯ್ದು ಹರಿದ ಮೊರ ಸರಿಸಿದಳು. ಮುದುಕಿ ಬಗ್ಗಿ ನೋಡಿದಳು. ಕೋಲು ಬಿಟ್ಟು ಕೈಯನ್ನೇ ಒಳಗೆ ಹಾಕಿದಳು. ಬೂದಿಯನ್ನು ಬೆರಳಲ್ಲಿ ಜರಡಿ ಹಿಡಿದಂತೆ ಸೋಸುತ್ತ ಹೋದಳು. ಪಕ್ಕದಲ್ಲಿ ಕೌದಿಗೆಂದು ಬಣ್ಣವಾರು ಕಟ್ಟಿಟ್ಟ ಅರಿವೆಯ ಗಂಟುಗಳನ್ನು ನೋಡಿದಳು, ಒಡೆದ ಬಕೀಟಿನಲ್ಲಿ ಹಬ್ಬಿದ ಬಳ್ಳಿ ನೋಡಿದಳು. ಬಹಳ ಹೊತ್ತಿನ ಮೇಲೆ ತಗ್ಗಿನಿಂದ ಒಂದು ವಸ್ತು ಸಿಕ್ಕಿತು. ತಲೆ ಬಾಚುವ, ಅರ್ಧ ಮುರಿದ ಹಣಿಗೆ.

"ಇದಕ್ಕ ಇನ್ನ ಹಲ್ಲ ಅದಾವಲ್ಲ" ಎಂದಳು ಸಾವಿತ್ರೆವ್ವ.

"ನಾ ತಿಪ್ಪಿಗೆ ಒಗದಿಲ್ರಿ. ಅವರ ಒಗದಾರ" ಎಂದು ಬಾಯವ್ವ ಗಂಡನನ್ನು ತೋರಿಸಿದಳು. ಮಲಕಾಜಪ್ಪ ತಲೆಯ ಮೇಲಿನ ಟೊಪ್ಪಿಗೆ ತೆಗೆದು ತನ್ನ ಬೋಳುತಲೆಯನ್ನು ಎಲ್ಲರಿಗೂ ತೋರಿಸಿ ಮತ್ತೆ ಹಾಕಿಕೊಂಡ. ಮೊದಲು ನಕ್ಕವನು ಸತ್ಯಪ್ಪ. ಆಮೇಲೆ ಯಾರೂ ತಡೆದುಕೊಳ್ಳಲಿಲ್ಲ.

ಸಾವಿತ್ರೆವ್ವ ನಗಲಿಲ್ಲ, ಆಕೆಗೆ ಕೆಲಸವಿತ್ತು. ಹಣಿಗೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಗುಡ್ಡದ ಹತ್ತಿರ ಹೋಗಿ, ಕೆದರಿ ಹಾಕಿದ್ದ ಹಾಲಿನ ಪಾಕೀಟುಗಳನ್ನು ಒಂದೊಂದಾಗಿ ಹೆಕ್ಕಿ ತಂದಳು. ಬಚ್ಚಲಲ್ಲಿ ಕುಕ್ಕರುಗಾಲಲ್ಲಿ ಕುಳಿತು, ಬಾಯವ್ವನ ಬೂದಿಯಿಂದಲೇ ತಿಕ್ಕಿ ತೊಳೆದು, ಹಗ್ಗದ ಮೇಲೆ ಸಾಲಾಗಿ ಒಣಹಾಕಿದಳು. "ಬಸ್ಸಿಗೆ ಹೋಗೂ ಹೊತ್ತಿಗೆ ಒಣಗತಾವ. ಈಗ ಚಾ ತಾ ತಂಗಿ" ಎಂದಳು. "ಹುಡುಗಿ ಕೊಡತೇವಿ. ನಿನ್ನಂಥಾಕಿ ಕೈಯಾಗ ನನ್ನ ಮೊಮ್ಮಗಳು ಕಸ ಆಗೂದಿಲ್ಲ."

ಬಾಯವ್ವನಿಗೆ ಸಿಟ್ಟು ಬರಬೇಕಾಗಿತ್ತು. ತನ್ನ ಹಿತ್ತಲಲ್ಲಿ, ತನ್ನ ಬೂದಿಯಲ್ಲಿ, ತನಗಿಂತ ಹೆಚ್ಚಿನವಳೊಬ್ಬಳು ಬಂದು ಗೆದ್ದು ಕುಳಿತಿದ್ದಳು. ಆದರೆ ಆಕೆಗೆ ಅಪಾರ ಸಂತೋಷವಾಯಿತು. ತನ್ನ ಭಾಷೆ ಬಲ್ಲ ಒಬ್ಬರು ಭೂಮಿಯ ಮೇಲೆ ಇದ್ದಾರೆಂದು ತಿಳಿದು, ಚಾಕ್ಕೆ ಸಕ್ಕರೆಯನ್ನು ಕೈ ಸಡಿಲು ಬಿಟ್ಟು ಹಾಕಿದಳು.

ಮದುವೆ ಆಯಿತು. ಆ ವರ್ಷದ ಮುಂಗಾರಿಗೆ ಮೊದಲು ಮಲಕಾಜಪ್ಪ ಚಕ್ಕಡಿ ಹೂಡಿ ಗುಡ್ಡವನ್ನು ಹೊಲಕ್ಕೆ ಸಾಗಿಸಿದ. ಶಟ್ಟೆಪ್ಪ ಕಿಟಕಿಯಿಂದ ನೋಡುತ್ತ ಕುಳಿತಿದ್ದ, ಹೊರಗೆ ಬಂದು ಬೇಡ ಎನ್ನುವ ಧೈರ್ಯ ಮಾಡಲಿಲ್ಲ. ಜೋಳ ಆಳೆತ್ತರ ಬಂತು.

ನೀಲಗಂಗಾ ಬಾಣಂತನಕ್ಕೆ ರಾಮದುರ್ಗಕ್ಕೆ ಹೋದಳು. ಮಗಳು ಹುಟ್ಟಿದ ಸುದ್ದಿ ಬಂತು, ತಿಂಗಳಾದ ಮೇಲೆ ಸಾವಿತ್ರೆವ್ವ ತೀರಿಕೊಂಡ ಸುದ್ದಿಯೂ ಬಂತು. ಸೊಸೆ ಕೂಸನ್ನು ಕಟ್ಟಿಕೊಂಡು ತಿರುಗಿ ಬಂದಾಗ ಕೈಯಲ್ಲಿ ಒಂದು ಸಣ್ಣ ಕೌದಿ ಇತ್ತು. "ನಮ್ಮ ಅಜ್ಜಿ ಹೊಲದಾಳರಿ. ಕಡೀ ಟಾಕಿ ಹಾಕಿ ಎರಡ ದಿನಕ್ಕ ಹೋದ್ಳು. ನಿಮ್ಮ ಕೈಯಾಗ ಕೊಡು ಅಂದಿದ್ಳು" ಎಂದಳು.

ಬಾಯವ್ವ ಕೂಸನ್ನು ಅದರ ಮೇಲೆ ಮಲಗಿಸಿದಳು. ಕೂಸು ಮಲಗಿದ್ದೇ ತಡ ಉಚ್ಚೆ ಹೊಯ್ದಿತು. ಅವಸರದಿಂದ ಎತ್ತಿ ನೋಡಿದರೆ ಕೆಳಗಿನ ಹಾಸಿಗೆಗೆ ಒಂದು ಹನಿಯೂ ಇಳಿದಿರಲಿಲ್ಲ. ಕೌದಿ ಮಗುಚಿದಳು. ಅಡಿಯಲ್ಲಿ, ಸಣ್ಣ ಸಣ್ಣ ಹೊಲಿಗೆಯಲ್ಲಿ, ಬೂದಿಯಿಂದ ತಿಕ್ಕಿ ತೊಳೆದ ಆ ಹಾಲಿನ ಪಾಕೀಟುಗಳು ಒಂದಕ್ಕೊಂದು ಕೂಡಿದ್ದವು. ನೀಲಿ ಅಕ್ಷರಗಳು ಇನ್ನೂ ಕಾಣುತ್ತಿದ್ದವು.

ಬಾಯವ್ವ ಅದನ್ನು ಎದೆಗೆ ಒತ್ತಿಕೊಂಡು ಸೊಸೆಯ ಎದುರಿಗೇ ಅತ್ತಳು. ಮಲಕಾಜಪ್ಪ ಹತ್ತಿರ ಬಂದು ಕೌದಿಯ ಅಡಿಯನ್ನು ನೋಡಿ, ಬೇಲಿಯ ಆಚೆಗೊಮ್ಮೆ ನೋಡಿ, ಮೆಲ್ಲಗೆ ಹೇಳಿದ:

"ಶಟ್ಟೆಪ್ಪಗ ತೋರಿಸಬ್ಯಾಡ. ತಿರುಗಿ ಕೇಳ್ಯಾನು."